ಪುಕ್ಕಟೆ ಬೇರೆ, ಮುಕ್ತ ಬೇರೆ: ಕನ್ನಡಕ್ಕೆ ತೆರೆದ ತಂತ್ರಾಂಶ ಯಾಕೆ ಬೇಕು

ನೀವು ಈಗ ಓದುತ್ತಿರುವ ಈ ಇ-ಪುಸ್ತಿಕೆಯನ್ನು ಈ ಸಲ ಪೂರ್ತಿಯಾಗಿ ಮುಕ್ತ ತಂತ್ರಾಂಶಗಳಲ್ಲೇ ತಯಾರಿಸಿದ್ದೇವೆ. ಬರಹಗಳನ್ನು ಟೈಪ್ ಮಾಡಿ ಪುಟ ಕಟ್ಟಿದ್ದು ಲಿಬ್ರೆಆಫೀಸಿನಲ್ಲಿ, ಫಾಂಟು ನೋಟೋ ಸೆರಿಫ್ ಕನ್ನಡ, ಫೋಟೋಗಳನ್ನು ಸರಿಪಡಿಸಿದ್ದು ಗಿಂಪ್‌ನಲ್ಲಿ. ಸಂಘದ ಸಭೆಯಲ್ಲಿ ಇದನ್ನು ಹೇಳಿದಾಗ ಬಂದ ಮೊದಲ ಪ್ರಶ್ನೆ, "ದುಡ್ಡು ಉಳಿಸೋಕಾ?" ಅಂತ. ಅಲ್ಲ. ಇಲ್ಲಿ ಓದುವ ನಮಗೆಲ್ಲ ವರ್ಡ್, ಎಕ್ಸೆಲ್ ಮುಂತಾದವು ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಹೇಗೂ ಸಿಗುತ್ತವೆ, ಕೈಯಿಂದ ಒಂದು ಡಾಲರೂ ಹಾಕಬೇಕಾಗಿಲ್ಲ. ಹಾಗಾಗಿ ದುಡ್ಡಿನ ಮಾತನ್ನು ಪಕ್ಕಕ್ಕಿಟ್ಟು, ಉಳಿದ ಕಾರಣಗಳನ್ನು ಹೇಳೋಣ ಅಂತ ಈ ಲೇಖನ.

ನಾರ್ತ್ ಕ್ರೀಕ್‌ನಲ್ಲಿ ಕೂತು ಈ ಮಾತಾಡೋದರಲ್ಲಿ ಒಂದು ಸ್ವಾರಸ್ಯವೂ ಇದೆ. ಮೈಕ್ರೋಸಾಫ್ಟಿನ ರೆಡ್ಮಂಡ್ ಕಚೇರಿ ಇಲ್ಲಿಂದ ಹೆಚ್ಚು ದೂರವಿಲ್ಲ. ನಮ್ಮಲ್ಲಿ ಹಲವರ ಅಪ್ಪ, ಅಮ್ಮ, ಅಕ್ಕ, ಭಾವ ಅಲ್ಲೋ ಅಮೆಜಾನಿನಲ್ಲೋ ಕೆಲಸದಲ್ಲಿದ್ದಾರೆ. ಅವರ ಅನ್ನಕ್ಕೆ ಕಲ್ಲು ಹಾಕುವ ಉದ್ದೇಶ ನಮಗಿಲ್ಲ. ಆ ಕಂಪನಿಗಳೇ ಈಗ ಎಷ್ಟರ ಮಟ್ಟಿಗೆ ಮುಕ್ತ ತಂತ್ರಾಂಶದ ಮೇಲೆ ನಿಂತಿವೆ ಅನ್ನೋದನ್ನು ಮುಂದೆ ನೋಡೋಣ.

ಮೊದಲು ಪದಗಳನ್ನು ಬಿಡಿಸಿಕೊಳ್ಳಬೇಕು. ತಂತ್ರಾಂಶವನ್ನು ಮನುಷ್ಯರು ಬರೆಯುವಾಗ ಅದು ಓದಬಹುದಾದ ಪಠ್ಯವೇ ಆಗಿರುತ್ತದೆ, ಭಾಷೆ ಸಿ ಆಗಲಿ ಪೈಥಾನ್ ಆಗಲಿ. ಇದಕ್ಕೆ ಸೋರ್ಸ್ ಕೋಡ್, ಕನ್ನಡದಲ್ಲಿ ಆಕರ ಸಂಕೇತ ಅಂತಾರೆ. ಸ್ವಾಮ್ಯದ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ನಮ್ಮ ಕೈಗೆ ಬರೋದು ಇದಲ್ಲ, ಯಂತ್ರಕ್ಕೆ ಮಾತ್ರ ತಿಳಿಯುವ ಅದರ ಇನ್ನೊಂದು ರೂಪ. ಬಳಸಬಹುದು, ಒಳಗೆ ಏನಿದೆ ಅಂತ ನೋಡೋಕಾಗಲ್ಲ, ತಿದ್ದೋಕಾಗಲ್ಲ, ಗೆಳೆಯರಿಗೆ ಕೊಡೋಕೂ ಒಪ್ಪಂದ ಬಿಡಲ್ಲ. ಮುಕ್ತ ತಂತ್ರಾಂಶದಲ್ಲಿ ಆಕರವೂ ಜೊತೆಗೆ ಬರುತ್ತದೆ. ಅದನ್ನು ಯಾವ ಕೆಲಸಕ್ಕಾದರೂ ಬಳಸಬಹುದು, ಓದಿ ತಿದ್ದಬಹುದು, ಹಂಚಬಹುದು, ತಿದ್ದಿದ್ದನ್ನೂ ಹಂಚಬಹುದು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನು ಯೋಜನೆಯನ್ನು ಘೋಷಿಸಿದಾಗಿನಿಂದ ಈ ಚಳವಳಿ ನಡೆದುಬಂದಿದೆ. 'ಓಪನ್ ಸೋರ್ಸ್' ಅನ್ನೋ ಹೆಸರು ಹುಟ್ಟಿದ್ದು ಆಮೇಲೆ, 1998ರಲ್ಲಿ. ಎರಡು ಪಂಗಡಗಳ ನಡುವೆ ತತ್ವದ ಜಗಳ ಇದೆ. ಅದಕ್ಕೆ ನಾವಿಲ್ಲಿ ಕೈಹಾಕಲ್ಲ.

ಇಂಗ್ಲಿಷಿನಲ್ಲಿ 'ಫ್ರೀ' ಅನ್ನೋ ಒಂದೇ ಪದ ಎರಡು ಅರ್ಥಕ್ಕೂ ಓಡಾಡಿ ದೊಡ್ಡ ಗೊಂದಲ ಮಾಡಿದೆ. ಕನ್ನಡದಲ್ಲಿ ಆ ಕಷ್ಟ ಇಲ್ಲ. ನಮಗೆ ಪುಕ್ಕಟೆ ಬೇರೆ, ಮುಕ್ತ ಬೇರೆ. ವಾಟ್ಸಾಪ್ ಪುಕ್ಕಟೆ, ಆದರೆ ಮುಕ್ತ ಅಲ್ಲ. ರೆಡ್ ಹ್ಯಾಟ್ ಕಂಪನಿ ಮುಕ್ತ ತಂತ್ರಾಂಶದ ಸುತ್ತಲೇ ವ್ಯಾಪಾರ ಮಾಡಿ, 2019ರಲ್ಲಿ ಸುಮಾರು 34 ಬಿಲಿಯನ್ ಡಾಲರಿಗೆ ಐಬಿಎಂ ಪಾಲಾಯಿತು. ಅಲ್ಲಿ ಮುಕ್ತ ಇದೆ, ಪುಕ್ಕಟೆ ಇಲ್ಲ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದೆ ಹೇಳುವ ಕನ್ನಡದ ಕಥೆ ಸುಲಭವಾಗಿ ಅರ್ಥವಾಗುತ್ತೆ.

ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕಂಪ್ಯೂಟರಿನಲ್ಲಿ ಕನ್ನಡ ಹೇಗೆ ಕಾಣಿಸುತ್ತಿತ್ತು ಗೊತ್ತಾ? ಅದೊಂದು ಥರ ವೇಷ. ಒಂದು ಫಾಂಟಿನಲ್ಲಿ ಇದ್ದ ಜಾಗಗಳು ಹೆಚ್ಚೆಂದರೆ 256, ಎಲ್ಲವೂ ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳಿಗೆ ಮೀಸಲು. ಆ ಜಾಗಗಳಲ್ಲೇ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸುತ್ತಿದ್ದರು. ಸರ್ಕಾರಿ ಕಚೇರಿಗಳಲ್ಲಿ ಬಳಕೆಗೆ ಬಂದ ನುಡಿ ಫಾಂಟನ್ನೇ ತೆಗೆದುಕೊಳ್ಳಿ. ದೊಡ್ಡ ಪಿ ಅಕ್ಷರದ ಜಾಗದಲ್ಲಿ ತಲೆಕಟ್ಟಿಲ್ಲದ ಕ ಇದೆ. ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ ಅಕ್ಷರದ ಜಾಗದಲ್ಲಿ ಬರೀ ತಲೆಕಟ್ಟು. ಬ್ರಿಟಿಷ್ ಪೌಂಡಿನ ಚಿಹ್ನೆಯಲ್ಲಿ ನ. ಜರ್ಮನ್ನರ ಎಸ್ಸೆಟ್ ಅಕ್ಷರದಲ್ಲಿ ನ ಒತ್ತು. ಸಣ್ಣ ಕ್ಯೂ ಜಾಗದಲ್ಲಿ ಡ. ಇಷ್ಟನ್ನೂ ಸಾಲಾಗಿ ಜೋಡಿಸಿದರೆ ತೆರೆಯ ಮೇಲೆ 'ಕನ್ನಡ' ಅಂತ ಕಾಣುತ್ತಿತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಅಲ್ಲಿ ಕನ್ನಡ ಇಲ್ಲವೇ ಇಲ್ಲ. ಪಿ, ಎ, ಪೌಂಡು, ಎ, ಎಸ್ಸೆಟ್, ಕ್ಯೂ, ಎ ಅನ್ನೋ ಅರ್ಥವಿಲ್ಲದ ಏಳು ಗುರುತುಗಳು ಅಷ್ಟೇ.

ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ವೇಷ ಕಳಚಿಬೀಳುತ್ತಿತ್ತು. ಹುಡುಕೋಕಾಗಲ್ಲ, ಅಕಾರಾದಿಯಾಗಿ ಜೋಡಿಸೋಕಾಗಲ್ಲ. ಸಾಲದ್ದಕ್ಕೆ ಶ್ರೀಲಿಪಿ, ಆಕೃತಿ ಹೀಗೆ ಒಬ್ಬೊಬ್ಬರದು ಒಂದೊಂದು ಜೋಡಣೆ. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಓದಬೇಕಾದರೆ ನಡುವೆ ಪರಿವರ್ತಕ ಬೇಕು. ಪತ್ರಿಕೆಗಳು, ಪ್ರಕಾಶಕರು, ಕಚೇರಿಗಳು ವರ್ಷಗಟ್ಟಲೆ ಹೀಗೆ ಟೈಪ್ ಮಾಡಿದ ಪುಟಗಳಿಗೆ ಲೆಕ್ಕವಿಲ್ಲ. ಒಂದು ಭಾಷೆಯ ಬರಹ ಅದನ್ನು ಬರೆದವರದ್ದಾಗಿ ಉಳಿಯದೆ, ಫಾಂಟು ಮಾಡಿದವರ ಕೋಣೆಯ ಬೀಗಕ್ಕೆ ಸಿಕ್ಕಿಕೊಂಡ ಹಾಗೆ ಆಯಿತು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ', ಇವೆರಡೂ ಇಲ್ಲದಿದ್ದರೆ ನಮ್ಮ ಅಪ್ಪ-ಅಮ್ಮನ ಪೀಳಿಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯೋದಕ್ಕೆ ಇನ್ನೆಷ್ಟು ವರ್ಷ ಕಾಯಬೇಕಿತ್ತೋ. ಅಮೆರಿಕದ ಕನ್ನಡ ಕೂಟಗಳ ಸಂಚಿಕೆಗಳು ಹೊರಬಂದದ್ದರಲ್ಲಿ ಬರಹದ ಪಾಲು ದೊಡ್ಡದು. ಎರಡೂ ಜನರಿಗೆ ಪುಕ್ಕಟೆಯಾಗಿ ಸಿಕ್ಕವು. ಆದರೆ ಮುಕ್ತವಾಗಿರಲಿಲ್ಲ. ಬರಹ ಮುಂದೆ ಹಣ ಕೊಟ್ಟು ಕೊಳ್ಳುವ ತಂತ್ರಾಂಶವಾಯಿತು. ಮಾಡಿದವರಿಗೆ ಅದರ ಹಕ್ಕು ಖಂಡಿತ ಇದೆ, ಅದನ್ನು ಯಾರೂ ಪ್ರಶ್ನೆ ಮಾಡಬಾರದು. ನಾವು ಹೇಳುತ್ತಿರೋದು ಇಷ್ಟೇ: ಪುಕ್ಕಟೆ ಅನ್ನೋದು ಕೊಟ್ಟವರ ಔದಾರ್ಯ. ಅದು ಇವತ್ತು ಇರಬಹುದು, ನಾಳೆ ಇಲ್ಲದಿರಬಹುದು. ಮುಕ್ತ ಅನ್ನೋದು ಪಡೆದವರ ಕೈಗೆ ಬಂದ ಹಕ್ಕು. ಒಮ್ಮೆ ಕೊಟ್ಟ ಪರವಾನಗಿಯನ್ನು ವಾಪಸ್ ಕಿತ್ತುಕೊಳ್ಳುವಂತಿಲ್ಲ. ಮೂಲ ಲೇಖಕರು ಕೈಬಿಟ್ಟರೂ ಆ ಆಕರವನ್ನು ಹಿಡಿದು ಬೇರೆಯವರು ಮುಂದುವರಿಸಬಹುದು.

ಆ ಕಾಲದಲ್ಲೇ ಬೇಲಿ ಹಾಕದೆ ಕೊಟ್ಟವರೂ ಇದ್ದರು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು 1980ರ ದಶಕದಲ್ಲಿ 'ಸೇಡಿ' ತಂತ್ರಾಂಶಕ್ಕಾಗಿ ಒಂದು ಕೀಲಿಮಣೆ ವಿನ್ಯಾಸ ಮಾಡಿದರು. ಕನ್ನಡದ ಉಚ್ಚಾರಣೆಯ ತರ್ಕವನ್ನೇ ಅದು ಹಿಡಿದಿದೆ. ಇಂಗ್ಲಿಷ್ ಕೀಲಿಮಣೆ ಸಾಕು, ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿ ಒತ್ತಿದರಾಯಿತು. ಅವರು ಅದನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಪರಿಣಾಮ ನೋಡಿ: ಅದೇ ವಿನ್ಯಾಸ ನುಡಿಯಲ್ಲಿದೆ, ಲಿನಕ್ಸಿನಲ್ಲಿದೆ, ಕನ್ನಡ ವಿಕಿಪೀಡಿಯದ ಬರೆಯುವ ಪೆಟ್ಟಿಗೆಯಲ್ಲೂ ಇದೆ. ನಮ್ಮ ಸಂಘದಲ್ಲಿ ಬೆಂಗಳೂರಿಂದ ಬಂದವರು, ಇಲ್ಲೇ ಹುಟ್ಟಿ ಬೆಳೆದವರು ಇಬ್ಬರೂ ಈ ಪುಸ್ತಿಕೆಗೆ ಟೈಪ್ ಮಾಡಿದ್ದಾರೆ, ಒಂದೇ ವಿನ್ಯಾಸದಲ್ಲಿ. ಇದಕ್ಕಾಗಿ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಯೂನಿಕೋಡ್ ಮೊದಲ ಆವೃತ್ತಿ ಬಂದಿದ್ದು 1991ರಲ್ಲಿ. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆ ಸಿಕ್ಕಿತು, ಕ ಅಂದರೆ ಕ, ಬೇರೆ ಯಾರ ವೇಷವೂ ಅಲ್ಲ. ಇದು ತಂತ್ರಾಂಶವಲ್ಲ, ಯಾರು ಬೇಕಾದರೂ ಪಾಲಿಸಬಹುದಾದ ಮುಕ್ತ ಶಿಷ್ಟತೆ. ಆದರೆ ಮನೆ ಕಟ್ಟಿದ ಮಾತ್ರಕ್ಕೆ ಸಂಸಾರ ಆಗಲ್ಲವಲ್ಲ. ಅಕ್ಷರ ಮೂಡಿಸಲು ಫಾಂಟು ಬೇಕು, ಒತ್ತು, ಕಾಗುಣಿತ, ಅರ್ಕಾವತ್ತುಗಳನ್ನು ಸರಿಯಾದ ಜಾಗಕ್ಕೆ ಸರಿಸಿ ಕೂರಿಸುವ ಒಂದು ಯಂತ್ರವೂ ಬೇಕು. ವಿಂಡೋಸ್ ಎಕ್ಸ್‌ಪಿ ಜೊತೆಗೆ 'ತುಂಗಾ' ಫಾಂಟು ಬಂತು. ಒಳ್ಳೆಯದೇ ಆಯಿತು, ಆದರೆ ಅದು ವಿಂಡೋಸಿಗೆ ಕಟ್ಟಿದ ಹಸು. ಮುಕ್ತ ಲೋಕದಲ್ಲಿ ರೆಡ್ ಹ್ಯಾಟ್‌ನ ಲೋಹಿತ್ ಕನ್ನಡ, ಅರವಿಂದ ವಿ. ಕೆ. ಅವರು ಮಾಡಿದ ಗುಬ್ಬಿ ಮತ್ತು ನವಿಲು, ಆಮೇಲೆ ಗೂಗಲ್‌ನ ನೋಟೋ ಬಂದವು. ನವಿಲು ಕೈಬರಹದ ಹಾಗೆ ಕಾಣುವ ಫಾಂಟು. ಇವನ್ನು ಪುಸ್ತಕದಲ್ಲಿ ಹಾಕಿ, ಜಾಲತಾಣದಲ್ಲಿ ಹಾಕಿ, ತಿದ್ದಿ ಇನ್ನೊಂದು ಹೆಸರಿನಲ್ಲಿ ಹೊರತನ್ನಿ, ತಕರಾರಿಲ್ಲ.

ಆ ಜೋಡಿಸುವ ಯಂತ್ರದ ಹೆಸರು ಹಾರ್ಫ್‌ಬಜ್. ನೀವು ಹೆಸರೇ ಕೇಳಿರಲಿಕ್ಕಿಲ್ಲ, ಆದರೆ ದಿನಾ ಬಳಸುತ್ತೀರಿ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಅದೇ ಇದೆ. ಇದು ಎಷ್ಟು ಸೂಕ್ಷ್ಮದ ಕೆಲಸ ಅನ್ನೋದಕ್ಕೆ ಒಂದೇ ಉದಾಹರಣೆ. 'ಸೂರ್ಯ' ಅಂತ ಬರೆದರೆ ರಕಾರ ಅರ್ಕಾವತ್ತಾಗಿ ಹಿಂದಕ್ಕೆ ಹೋಗಬೇಕು. 'ರ‍್ಯಾಂಕ್' ಅಂತ ಬರೆದರೆ ರ ಪೂರ್ತಿ ನಿಂತು ಯ ಒತ್ತಾಗಬೇಕು. ಎರಡರಲ್ಲೂ ಇರೋದು ರ, ವಿರಾಮ, ಯ ಮೂರೇ. ವ್ಯತ್ಯಾಸ ತೋರಿಸಲು ರ ಆದಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ಹಾಕಬೇಕು. ಅದನ್ನು ಬರೆಯುವ ಉಪಕರಣ ಹಾಕಬೇಕು, ಫಾಂಟು ಗೌರವಿಸಬೇಕು, ಜೋಡಿಸುವ ಯಂತ್ರಕ್ಕೂ ತಿಳಿದಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ರ‍್ಯಾಂಕ್ ಹೋಗಿ ಇನ್ನೇನೋ ಆಗುತ್ತೆ. ಮೂರೂ ಮುಕ್ತವಾಗಿದ್ದರೆ ತಪ್ಪು ಎಲ್ಲಿದೆ ಅಂತ ನಾವೇ ಹುಡುಕಬಹುದು, ಹುಡುಕಿ ಎಲ್ಲರ ಎದುರು ವರದಿ ಮಾಡಬಹುದು, ಕೈಲಾದರೆ ತಿದ್ದುಪಡಿಯನ್ನೇ ಕಳಿಸಬಹುದು. ಮುಚ್ಚಿದ ತಂತ್ರಾಂಶದಲ್ಲಿ ದೂರು ಪೆಟ್ಟಿಗೆಗೆ ಒಂದು ಚೀಟಿ ಹಾಕಿ ಕಾಯಬೇಕು. ರೆಡ್ಮಂಡಿನಲ್ಲೋ ಕ್ಯುಪರ್ಟಿನೋದಲ್ಲೋ ಯಾವುದೋ ಮ್ಯಾನೇಜರಿಗೆ ಈ ವರ್ಷ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಕನ್ನಡದ ರಕಾರ ಎಷ್ಟನೆಯದು ಅಂತ ಊಹಿಸಿಕೊಳ್ಳಿ. ಅವರದ್ದು ದುರುದ್ದೇಶ ಅಂತ ಅಲ್ಲ. ಅವರ ಲೆಕ್ಕವೇ ಬೇರೆ.

ನಮ್ಮ ವಾದದ ತಿರುಳು ಇದೇ. ಇಂಗ್ಲಿಷಿನವರಿಗೆ ಮುಚ್ಚಿದ ತಂತ್ರಾಂಶದಿಂದ ಆಗುವ ನಷ್ಟ ಕಡಿಮೆ, ಯಾಕಂದರೆ ಮಾರುಕಟ್ಟೆಯೇ ಅವರ ಬೆನ್ನಿಗಿದೆ. ಕೋಟಿಗಟ್ಟಲೆ ಜನ ಆಡುವ ಭಾಷೆಯಾದರೂ ತಂತ್ರಾಂಶಕ್ಕೆ ಹೆಚ್ಚು ದುಡ್ಡು ಕೊಡದ ಕನ್ನಡದಂಥ ಭಾಷೆಗೆ ಹಾಗಲ್ಲ.

ಹಂಗೇರಿಯವರು ಇದನ್ನು ನಮಗಿಂತ ಮುಂಚೆ ಅರ್ಥ ಮಾಡಿಕೊಂಡರು. ಅವರ ಭಾಷೆಯೂ ನಮ್ಮ ಭಾಷೆಯ ಹಾಗೆ ಒಂದರ ಹಿಂದೊಂದು ಪ್ರತ್ಯಯ ಅಂಟಿಸಿಕೊಂಡು ಬೆಳೆಯುವಂಥದ್ದು. ನಾವು 'ಮನೆ'ಯಿಂದ ಹೊರಟು 'ಮನೆಯಲ್ಲಿದ್ದವರಿಗೂ' ತನಕ ಒಂದೇ ಪದದಲ್ಲಿ ಹೋಗ್ತೀವಲ್ಲ, ಹಾಗೆ. ಇಂಗ್ಲಿಷಿನ ಅಂದಾಜಿನಲ್ಲಿ ಮಾಡಿದ ಕಾಗುಣಿತ ಪರೀಕ್ಷಕಗಳು ಇಂಥ ಭಾಷೆಗೆ ಸಾಕಾಗಲ್ಲ, ಪದಪಟ್ಟಿ ಎಷ್ಟು ದೊಡ್ಡದು ಮಾಡಿದರೂ ಮುಗಿಯಲ್ಲ. ನೇಮೆತ್ ಲಾಸ್ಲೋ ಅನ್ನುವವರು ಆಗಲೇ ಇದ್ದ ಮುಕ್ತ ತಂತ್ರಾಂಶ ಮೈಸ್ಪೆಲ್ ಅನ್ನು ಹಿಡಿದು, ಹಂಗೇರಿಯನ್ನಿಗೆ ತಕ್ಕ ಹಾಗೆ ಬೆಳೆಸಿ 'ಹನ್‌ಸ್ಪೆಲ್' ಮಾಡಿದರು. ಆ ಚಿಕ್ಕ ದೇಶದ ಕೆಲಸ ಇವತ್ತು ಲಿಬ್ರೆಆಫೀಸ್, ಫೈರ್‌ಫಾಕ್ಸ್, ಕ್ರೋಮ್‌ಗಳಲ್ಲಿ ಜಗತ್ತಿನ ಹತ್ತಾರು ಭಾಷೆಗಳಿಗೆ ಕಾಗುಣಿತ ನೋಡುತ್ತಿದೆ. ಮೂಲ ಆಕರ ಮುಚ್ಚಿದ್ದರೆ ನೇಮೆತ್ ಅವರು ಶುರುಮಾಡೋದಕ್ಕೇ ಆಗ್ತಿರಲಿಲ್ಲ. ಕನ್ನಡಕ್ಕೂ ಹನ್‌ಸ್ಪೆಲ್ ಪದಕೋಶ ಒಂದಿದೆ. ಈ ಪುಸ್ತಿಕೆಗೆ ಬಳಸಿ ನೋಡಿದೆವು. ಸರಿಯಾಗಿಯೇ ಇರುವ ಪದಗಳಿಗೂ ಸಿಕ್ಕಾಪಟ್ಟೆ ಕೆಂಪು ಗೆರೆ ಎಳೆಯುತ್ತದೆ. ಪ್ರತ್ಯಯಗಳ ನಿಯಮ ಬರೆಯುವವರು ಬೇಕು. ವ್ಯಾಕರಣ ಗೊತ್ತಿರುವವರಿಗೆ ಪ್ರೋಗ್ರಾಮಿಂಗ್ ಬರಲ್ಲ, ಪ್ರೋಗ್ರಾಮಿಂಗ್ ಬರುವ ನಮಗೆ ಸಮಾಸ-ಸಂಧಿ ಮರೆತುಹೋಗಿದೆ.

ಇನ್ನು ರೆಡ್ಮಂಡಿನ ವಿಷಯ. 2001ರಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಮರ್ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದ್ದರು. 2014ರಲ್ಲಿ ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಅದೇ ಕುರ್ಚಿಗೆ ಬಂದರು. ಅದೇ ವರ್ಷ ಡಾಟ್‌ನೆಟ್ ಆಕರ ತೆರೆಯುವ ಘೋಷಣೆಯಾಯಿತು, ಮರುವರ್ಷ ವಿಎಸ್ ಕೋಡ್ ಬಂತು, 2018ರಲ್ಲಿ ಜಗತ್ತಿನ ಮುಕ್ತ ಯೋಜನೆಗಳ ಸಂತೆಪೇಟೆಯಾದ ಗಿಟ್‌ಹಬ್ ಅನ್ನೇ 7.5 ಬಿಲಿಯನ್ ಡಾಲರಿಗೆ ಕೊಂಡರು. ಇದು ಮನಃಪರಿವರ್ತನೆಯೋ ವ್ಯಾಪಾರವೋ ಅಂತ ನಮ್ಮ ಸಭೆಯಲ್ಲಿ ಅರ್ಧ ಗಂಟೆ ಚರ್ಚೆ ಆಯಿತು. ಬಹುತೇಕ ವ್ಯಾಪಾರ ಅನ್ನೋದು ನಮ್ಮ ಅಭಿಪ್ರಾಯ. ಕ್ಲೌಡ್ ಬಾಡಿಗೆಗೆ ಬರುವ ಗಿರಾಕಿಗಳಿಗೆ ಬೇಕಾಗಿರೋದು ಲಿನಕ್ಸ್ ಆದರೆ ಅಂಗಡಿಯವರು ಅದನ್ನು ಇಡಲೇಬೇಕು. ಅಂದಹಾಗೆ, ವಿಎಸ್ ಕೋಡ್‌ನ ಆಕರ ಮುಕ್ತ, ಆದರೆ ಮೈಕ್ರೋಸಾಫ್ಟ್ ತಾಣದಿಂದ ನೀವು ಇಳಿಸಿಕೊಳ್ಳುವ ಪ್ರತಿಗೆ ಬೇರೆ ಒಪ್ಪಂದ ಇದೆ. ಪರವಾನಗಿ ಓದೋ ಅಭ್ಯಾಸ ಒಳ್ಳೇದು.

"ಎಲ್ಲರಿಗೂ ಕಾಣುವ ಹಾಗಿದ್ದರೆ ಕಳ್ಳರಿಗೂ ಕಾಣುತ್ತಲ್ಲ?" ಅನ್ನೋದು ಮುಂದಿನ ಪ್ರಶ್ನೆ. ಕಾಣುತ್ತೆ. 2024ರ ಮಾರ್ಚಿನಲ್ಲಿ ಏನಾಯಿತು ನೋಡಿ. ಎಕ್ಸ್‌ಝಡ್ ಅನ್ನೋದು ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ, ಲಿನಕ್ಸ್ ಯಂತ್ರಗಳಲ್ಲೆಲ್ಲ ಇರುತ್ತೆ. ಅದನ್ನು ನೋಡಿಕೊಳ್ಳುತ್ತಿದ್ದದ್ದು ಹೆಚ್ಚುಕಡಿಮೆ ಒಬ್ಬರೇ, ಅವರೂ ದಣಿದಿದ್ದರು. ಸಹಾಯ ಮಾಡ್ತೀನಿ ಅಂತ ಬಂದವನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯವನಾಗಿದ್ದು, ನಂಬಿಕೆ ಗಳಿಸಿ, ಕೊನೆಗೆ ಒಳಗೊಂದು ಕಳ್ಳಬಾಗಿಲು ಇಟ್ಟ. ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್, ಮೈಕ್ರೋಸಾಫ್ಟಿನ ಇಂಜಿನಿಯರೇ. ದೂರದ ಯಂತ್ರಕ್ಕೆ ಲಾಗಿನ್ ಆಗೋದಕ್ಕೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಅಂತ ಅನುಮಾನ ಬಂದು ಅಗೆಯುತ್ತಾ ಹೋದರು. ಅಗೆಯೋಕೆ ಆಕರ ಕೈಯಲ್ಲಿತ್ತು, ಅದಕ್ಕೇ ಆಯಿತು. ಮಾರ್ಚ್ 29ರಂದು ಬಹಿರಂಗಪಡಿಸಿದರು, ಹೆಚ್ಚಿನ ಯಂತ್ರಗಳಿಗೆ ಅದು ತಲುಪುವ ಮುಂಚೆಯೇ ತಡೆ ಬಿತ್ತು.

ಈ ಘಟನೆಯನ್ನು ಮುಕ್ತ ತಂತ್ರಾಂಶದ ಗೆಲುವು ಅಂತಲೂ ಹೇಳಬಹುದು, ಎಚ್ಚರಿಕೆ ಅಂತಲೂ ಹೇಳಬಹುದು. ಇದು ಊರ ಕೆರೆ ಇದ್ದ ಹಾಗೆ. ನೀರು ಎಲ್ಲರೂ ತಗೋತಾರೆ, ಹೂಳೆತ್ತೋಕೆ ಕರೆದರೆ ಬರೋರು ನಾಲ್ಕು ಜನ. ಹೂಳು ತುಂಬಿದರೆ ಕೆರೆ ಊರಿನದ್ದಾದ ಮಾತ್ರಕ್ಕೆ ನೀರು ನಿಲ್ಲಲ್ಲ. ಮುಕ್ತ ಫಾಂಟುಗಳೂ ಅಷ್ಟೇ, ಪದಕೋಶಗಳೂ ಅಷ್ಟೇ. ಕನ್ನಡದ ಹಲವು ಮುಕ್ತ ಯೋಜನೆಗಳು ಒಬ್ಬಿಬ್ಬರ ಬಿಡುವಿನ ಸಮಯದ ಮೇಲೆ ನಡೆಯುತ್ತಿವೆ. ಅವರಿಗೆ ಕೆಲಸ ಬದಲಾದರೆ, ಮಗು ಹುಟ್ಟಿದರೆ ಅಲ್ಲಿಗೆ ನಿಂತಿತು.

ಮುಚ್ಚಿದ್ದು ಮೇಲಾಗಿರುವ ಕಡೆಗಳೂ ಇವೆ, ಅದನ್ನು ಬಚ್ಚಿಡೋದರಲ್ಲಿ ಅರ್ಥವಿಲ್ಲ. ಹಳೆಯ ಅಚ್ಚಿನ ಪುಟದಿಂದ ಅಕ್ಷರ ಗುರುತಿಸುವ ಕೆಲಸದಲ್ಲಿ ಟೆಸರಾಕ್ಟ್ ಅನ್ನುವ ಮುಕ್ತ ತಂತ್ರಾಂಶಕ್ಕೆ ಕನ್ನಡ ಬರುತ್ತೆ, ಆದರೆ ನಾವು ಪ್ರಯತ್ನಿಸಿದ ಪುಟಗಳಲ್ಲಿ ಗೂಗಲ್‌ನ ಮುಚ್ಚಿದ ಸೇವೆಯೇ ಒತ್ತಕ್ಷರಗಳನ್ನು ಚೆನ್ನಾಗಿ ಓದಿತು. ಪುಸ್ತಕ ವಿನ್ಯಾಸ ಮಾಡುವವರನ್ನು ಕೇಳಿದರೆ ಇನ್‌ಡಿಸೈನ್ ಬಿಡಲ್ಲ ಅಂತಾರೆ, ಅವರ ಮಾತಿಗೂ ಕಾರಣ ಇದೆ. ನಮ್ಮ ಕಡೆಯಿಂದ ಸಲಹೆ ಒಂದೇ. ಉಪಕರಣ ಯಾವುದಾದರೂ ಬಳಸಿ, ಬರಹವನ್ನು ಮಾತ್ರ ಯೂನಿಕೋಡಿನಲ್ಲಿ, ಎಲ್ಲರೂ ತೆರೆಯಬಹುದಾದ ಕಡತ ರೂಪದಲ್ಲಿ ಉಳಿಸಿ.

ಶಾಲೆಗಳ ವಿಷಯಕ್ಕೆ ಬಂದರೆ ಕಾಸರಗೋಡಿನ ಕನ್ನಡ ಮಕ್ಕಳು ನಮಗಿಂತ ಮುಂದಿದ್ದಾರೆ. ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯೋದು ಲಿನಕ್ಸಿನಲ್ಲಿ, ಕೈಟ್ ಅನ್ನುವ ಸರ್ಕಾರಿ ಸಂಸ್ಥೆ ಸಿದ್ಧಪಡಿಸಿಕೊಡುವ ಆವೃತ್ತಿಯಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಿಗೂ ಅದೇ ಪಠ್ಯಕ್ರಮ, ಪುಸ್ತಕ ಕನ್ನಡದಲ್ಲಿ. ಕರ್ನಾಟಕದಲ್ಲೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸರ್ಕಾರಿ ಶಾಲಾ ಶಿಕ್ಷಕರ ಜೊತೆ ಮುಕ್ತ ತಂತ್ರಾಂಶ, ಮುಕ್ತ ಪಠ್ಯಸಾಮಗ್ರಿಗಳ ಕೆಲಸ ಮಾಡಿದೆ. ಇಂಥ ಕಡೆ ದುಡ್ಡಿನ ಪ್ರಶ್ನೆಯೂ ನಿಜವಾಗಿ ಬರುತ್ತೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಬೇಕಂದರೆ ಹಳೆಯ ಕಂಪ್ಯೂಟರುಗಳಲ್ಲಿ ಹಲವಕ್ಕೆ ಅದಕ್ಕೆ ಬೇಕಾದ ಸುರಕ್ಷತಾ ಚಿಪ್ ಇಲ್ಲ. ಊರಿನ ಶಾಲೆಗೆ ಲ್ಯಾಪ್‌ಟಾಪ್ ದಾನ ಮಾಡೋಣ ಅಂತ ನಮ್ಮಲ್ಲಿ ಆಗಾಗ ಮಾತು ಬರುತ್ತಲ್ಲ, ಆಗ ಒಳಗೆ ಲಿನಕ್ಸ್ ಹಾಕಿ ಕೊಟ್ಟರೆ ಅದು ಇನ್ನೂ ಕೆಲವು ವರ್ಷ ನಡೆಯುತ್ತೆ.

ಕೊನೆಯದಾಗಿ ನಮ್ಮ ಮನೆಯ ಕೆಲಸ. ಸಂಘದ ಹಳೆಯ ಸಂಚಿಕೆಗಳಲ್ಲಿ ಕೆಲವು ಯೂನಿಕೋಡ್‌ಪೂರ್ವ ಫಾಂಟಿನಲ್ಲಿವೆ. ಪಿಡಿಎಫ್ ತೆರೆದರೆ ಚಂದವಾಗಿ ಕಾಣುತ್ತವೆ, ಒಂದು ಪದ ಹುಡುಕಿದರೆ ಸಿಗಲ್ಲ. ಅರವಿಂದ ಅವರೇ ಬರೆದು ಮುಕ್ತವಾಗಿ ಕೊಟ್ಟ ಪರಿವರ್ತಕ ಒಂದಿದೆ, ಪೈಥಾನಿನಲ್ಲಿ, ಸಣ್ಣದು. ಇಂಥ ಕೆಲಸಗಳಿಗೆಂದೇ ಇರುವ 'ಸಂಚಯ' ಬಳಗದ ತಾಣದಲ್ಲೂ ಪರಿವರ್ತಕ ಸಿಗುತ್ತದೆ. ಅದರ ಒಳಗೆ ಇರೋದು ಬೇರೇನಲ್ಲ, ಮೇಲೆ ಹೇಳಿದ ಪಿ, ಪೌಂಡು, ಎಸ್ಸೆಟ್‌ಗಳ ಪಟ್ಟಿ ಮತ್ತು ಅವನ್ನು ಸರಿಯಾದ ಸಾಲಿಗೆ ತರುವ ನಿಯಮಗಳು. ಓದಿದರೆ ಎರಡನೇ ವರ್ಷದ ವಿದ್ಯಾರ್ಥಿಗೂ ಅರ್ಥವಾಗುತ್ತೆ. ಅದರಲ್ಲಿ ಹಾಕಿ ಈಗಾಗಲೇ ಎರಡು ಸಂಚಿಕೆ ತಂದಿದ್ದೇವೆ. ಅರ್ಕಾವತ್ತು ಇರುವ ಪದಗಳನ್ನು ಕಣ್ಣಾಡಿಸಿ ನೋಡಬೇಕಾಗುತ್ತೆ, ಉಳಿದದ್ದು ಸಲೀಸು. ಕಂಪ್ಯೂಟರ್ ಓದುವವರೇ ಬೇಕು ಅಂತಿಲ್ಲ. ನರ್ಸಿಂಗ್ ಓದುವವರು, ಬಿಸಿನೆಸ್ ಓದುವವರು ಬನ್ನಿ, ಕನ್ನಡ ಓದೋಕೆ ಬಂದರೆ ಸಾಕು. ಬರೆಯೋಕೆ ತಡವರಿಸುವ, ಇಲ್ಲೇ ಹುಟ್ಟಿದವರಿಗೆ ಕೆ. ಪಿ. ರಾವ್ ಕೀಲಿಮಣೆ ಹತ್ತು ನಿಮಿಷದಲ್ಲಿ ಹೇಳಿಕೊಡ್ತೀವಿ. ಉಳಿದ ಸಂಚಿಕೆಗಳ ಕಡತಗಳು ಸಂಘದ ಡ್ರೈವಿನಲ್ಲಿವೆ, ಯಾವುದನ್ನು ಯಾರು ತಗೊಂಡಿದ್ದಾರೆ ಅನ್ನೋ ಪಟ್ಟಿಯೂ ಅಲ್ಲೇ ಇದೆ. ಖಾಲಿ ಇರುವ ಸಾಲಿನಲ್ಲಿ ನಿಮ್ಮ ಹೆಸರು ಬರೆಯಿರಿ.